ಕೊಡೆಬಟ್ಟೆಯ ಹಡಗು

ಬೆರಳ ತುದಿಯ ಗೋಂದು ಸಿಪ್ಪೆಯಂತೆ ಏಳುತ್ತಿದೆ, ಉಗುರಿನಿಂದ ಮೆಲ್ಲಗೆ ಎಬ್ಬಿಸಿದರೆ ಹೆಬ್ಬೆಟ್ಟಿನ ಗೆರೆಗಳೆಲ್ಲ ಅದರ ಜೊತೆಗೇ ಕಿತ್ತು ಬರುತ್ತವೆ, ಗಾಜಿನಂಥ ಪುಟ್ಟ ಹೆಬ್ಬೆಟ್ಟು, ಪೊಲೀಸರಿಗೆ ಸಿಕ್ಕರೆ ಕೇಸು ಮುಗಿದಂತೆ, ಆರೋಪಿ ಇವನೇ ಮಹಾಸ್ವಾಮಿ, ಹಡಗು ಕಟ್ಟಿದವನೂ ಇವನೇ, ಇನ್ನು ಸ್ವಲ್ಪ ಹೊತ್ತಿಗೆ ಅದನ್ನು ಹೊಡೆದು ಕೆಡವಬೇಕಾದವನೂ ಇವನೇ — ಮೂಲೆಯ ನಲ್ಲಿಯಲ್ಲಿ ಇವತ್ತಿನ ಎದುರಾಳಿ ಹಲ್ಲು ಡಾಕ್ಟರು ಕೈ ತೊಳೆಯುತ್ತಿದ್ದಾರೆ, ಮೊಣಕೈವರೆಗೆ, ಬೆರಳ ಸಂದಿಗೆಲ್ಲ ಸೋಪು ತಿಕ್ಕಿ, ಹಡಗನ್ನು ಎತ್ತುವುದಕ್ಕೋ ದವಡೆ ಹಲ್ಲು ಕೀಳುವುದಕ್ಕೋ ಗೊತ್ತಾಗುತ್ತಿಲ್ಲ. ಮೇಜಿನ ಮೇಲೆ ಆಟಿಕೆ ಸಿಪಾಯಿಗಳಿಟ್ಟು ಯುದ್ಧ ಆಡುವ ನಮ್ಮ ಕ್ಲಬ್ಬಿನ ರಿವಾಜೇ ಹಾಗೆ. ಹೊಸ ಹಡಗು ಮೊದಲ ಆಟ ಆಡುವುದು ಎದುರಾಳಿಯ ಕೈಯಲ್ಲಿ, ಕಟ್ಟಿದವನು ಮೇಜಿನ ಈಚೆ ತುದಿಯಲ್ಲಿ ನಿಂತು ಅದು ತನ್ನ ಮೇಲೇ ಬರುವುದನ್ನು ನೋಡಬೇಕು, ಕಟ್ಟೋವಾಗ ಯಾವನೂ ತನ್ನ ಹಡಗನ್ನ ಎದುರಿಂದ ನೋಡಿರೋದಿಲ್ಲ ಕಣಯ್ಯ ಅಂತ ಡಾಕ್ಟರು ಹೇಳಿದ್ದರು, ನಾನು ಆಗ, ಎದುರಿಂದ ನೋಡೋಕೆ ಅದೇನು ಮದುವೆ ಹೆಣ್ಣಾ ಸಾರ್ ಅಂದಿದ್ದೆ. ಮತ್ತು ಆ ಮೊದಲ ಆಟದಲ್ಲಿ ಬಿದ್ದದ್ದು ಬಿದ್ದದ್ದೇ, ಮತ್ತೆ ಯಾವತ್ತೂ ಮೇಜು ಹತ್ತುವಂತಿಲ್ಲ, ಗೋಡೆಯ ಹಲಗೆಯ ಮೇಲೆ ಧೂಳು ತಿನ್ನುತ್ತ ಕೂರಬೇಕು, ಚಾನ್ಸು ಸಿಗದ ಹಳೇ ಹೀರೋ ಥರ. ವಿಧಿಯ ಸ್ಕ್ರೀನ್‌ಪ್ಲೇ ನೋಡಿ, ಇಷ್ಟು ದಿನ ನನಗೆ ಕೊಡುತ್ತಿದ್ದದ್ದು ಮೇಜಿನ ಕೆಳಗೆ ಬಿದ್ದ ದಾಳ ಹೆಕ್ಕುವ ಪಾತ್ರ, ಡೈಲಾಗು ಅಂತ ಒಂದು ಅಡ್ಡಹೆಸರು, ಇವತ್ತು ಮೊದಲ ಸಲ ನಮ್ಮ ಕಡೆಯ ಕೋಟೆಯ ತೋಪು ನನ್ನ ಕೈಗೆ. ನಮ್ಮ ಕಡೆಯ ಮುಖ್ಯಸ್ಥರು ಡ್ರಾಯಿಂಗ್ ಮೇಷ್ಟ್ರು, ಬೆಂಕಿಪೊಟ್ಟಣದಷ್ಟಿರುವ ಆ ತೋಪನ್ನು ನನ್ನ ಮುಂದೆ ಇಟ್ಟು, ಇವತ್ತಾದ್ರೂ ಕೋತಿಚೇಷ್ಟೆ ಬಿಟ್ಟು ಗುರಿ ಇಡಪ್ಪ, ಅದು ಕೋಟೆ ದಾಟಿದ್ರೆ ನಾವೆಲ್ಲ ಗಂಟುಮೂಟೆ ಕಟ್ಟಬೇಕು, ಅಂದರು. ನಾನು ಎದೆ ತಟ್ಟಿಕೊಂಡೆ, ಮೇಷ್ಟ್ರೇ, ಈ ಕೋಟೆ ಮೇಲೆ ಹಾರಬೇಕು ಅಂದ್ರೆ ಕಾಗೆನೂ ನನ್ನ ಪರ್ಮಿಷನ್ ಕೇಳುತ್ತೆ. ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುತ್ತಲೇ ಒಳಗೊಳಗೆ ತೀರ್ಮಾನ ಮಾಡಿದೆ — ಹೊಡೆಯುವುದಿಲ್ಲ. ತೋಪು ಹೊಡೆಯುವುದು ಅಂದರೆ ದಾಳ ಹಾಕುವುದು, ದಾಳವನ್ನು ಉರುಳಿಸದೆ ಜಾರಿಸುವುದು ನನ್ನ ಬೆರಳಿಗೆ ಗೊತ್ತು, ಕಿರುಬೆರಳಲ್ಲಿ ಸ್ವಲ್ಪ ಒತ್ತಿ ಬಿಟ್ಟರೆ ತಿರುಗುವಂತೆ ಕಾಣುತ್ತದೆ, ತಿರುಗುವುದಿಲ್ಲ, ಒಂದು ಬೇಕೆಂದರೆ ಒಂದೇ ಬೀಳುತ್ತದೆ. ಆಮೇಲಿನ ಸೀನು ಹೀಗೆ, ಗುಂಡು ತಪ್ಪಿತು, ಹಡಗು ದಾಟಿತು, ಮೇಷ್ಟ್ರು ಬೈದರು, ಬೈಯಲಿ, ಬೈಸಿಕೊಳ್ಳುವುದರಲ್ಲಿ ನನಗೆ ಡಿಗ್ರಿಯಾಗಿದೆ, ನನ್ನ ಹಡಗು ಉಳಿಯಿತು, ಶುಭಂ.

ಹಡಗು ಅಂದರೆ ಎಂಥ ಹಡಗು, ಪೆಟ್ರೋಲು ಇನ್ನೂ ಸಿಕ್ಕೇ ಇಲ್ಲದ, ಉಗಿಯ ಮೇಲೇ ಎಲ್ಲ ನಡೆಯುವ ಒಂದು ಲೋಕದ ಆಕಾಶದ ಹಡಗು, ಬೆರಳುದ್ದದ ಸಿಪಾಯಿಗಳ ಲೋಕ ಅದು, ಅದರಲ್ಲಿ ಇದು ಬೆಟ್ಟ, ನಾನು ಎರಡೂ ಕೈ ಚಾಚಿದರೂ ಮೂತಿಯಿಂದ ಬಾಲ ಸಿಗುವುದಿಲ್ಲ. ಬಸ್ಸಿಗೆ ಹತ್ತಿಸಲು ಹೋದೆವು, ಇದಕ್ಕೆ ಫುಲ್ ಟಿಕೆಟ್ಟಾ ಹಾಫಾ ಅಂದೆ, ಇಳಿಯೋ ಕೆಳಗೆ ಅಂದ ಕಂಡಕ್ಟರು, ಹಾಗಾಗಿ ನಡೆದುಕೊಂಡೇ ಬಂದೆವು, ಮೂತಿ ನಾನು, ಬಾಲ ಚಿಕ್ಕಿ. ಚಿಕ್ಕಿ ಅಂದರೆ ಅಮ್ಮನ ತಂಗಿ, ಕೊಡೆ ರಿಪೇರಿ ಅಂಗಡಿ ಅವಳದು, ನಾನು ಅಲ್ಲಿ ಕೆಲಸಕ್ಕಿದ್ದೇನೆ ಅನ್ನುವುದು ನನ್ನ ಅಭಿಪ್ರಾಯ, ಇವನು ಇಲ್ಲಿ ಬಿದ್ದುಕೊಂಡಿರ್ತಾನೆ ಅನ್ನುವುದು ಅವಳದು. ದಾರಿಯಲ್ಲಿ ಹಣ್ಣಿನ ಗಾಡಿಯವನು ಕೇಳಿದ, ಏನಮ್ಮ ಇದು, ತಿಮಿಂಗಿಲದ ಮರಿಯಾ, ಚಿಕ್ಕಿ ನಿಲ್ಲಲೂ ಇಲ್ಲ, ಅಲ್ಲಪ್ಪ, ನಮ್ಮ ಹುಡುಗನ ತಲೆ, ಸ್ವಲ್ಪ ಊದಿಕೊಂಡಿದೆ ಅಂದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮುರಿದ ಕೊಡೆಗಳು ಸತ್ತ ಬಾವಲಿಗಳ ಹಾಗೆ ರಾಶಿ ಬಿದ್ದಿರುತ್ತವಲ್ಲ, ಅಲ್ಲೇ ಹುಟ್ಟಿದ್ದು ಇದು, ಒಂದು ಕಡ್ಡಿಯನ್ನು ಸುಮ್ಮನೆ ಬಗ್ಗಿಸಿ ಕಿಟಕಿಗೆ ಹಿಡಿದಾಗ, ಇದು ಪಕ್ಕೆಲುಬು ಅನ್ನಿಸಿತು, ಯಾವುದೋ ದೊಡ್ಡ ಪ್ರಾಣಿಯದು, ಉಳಿದದ್ದನ್ನು ನಾನು ಹುಡುಕಬೇಕು ಅಷ್ಟೇ. ಕಡ್ಡಿ ಬಗ್ಗಿಸಿ ಬಳೆ, ಬಳೆಗೆ ಬಳೆ ಕಟ್ಟಿ ಗೂಡು, ಗೂಡಿನ ಕೆಳಗೆ ಪೌಡರ್ ಡಬ್ಬಿಯ ಬಾಯ್ಲರು, ಪೆನ್ನಿನ ರೀಫಿಲ್ಲುಗಳ ಉಗಿಕೊಳವೆ, ಐಸ್‌ಕ್ರೀಮ್ ಕಡ್ಡಿ ಸೀಳಿ ಹಾಸಿದ ಅಟ್ಟ, ಸೂಜಿಮೊನೆಯಲ್ಲಿ ಗೋಂದಿನ ಹನಿ ಹನಿ ಇಟ್ಟು ಒಣಗಿಸಿದ ರಿವೆಟ್ಟುಗಳು, ಉಸಿರು ಬಿಟ್ಟರೆ ಹನಿ ಹರಡುತ್ತದೆ, ಹಾಗಾಗಿ ಬಾಯಿ ಮುಚ್ಚಿಕೊಂಡು ಕೂತಿದ್ದೆ, ಚಿಕ್ಕಿ ಬಂದು ಹಣೆ ಮುಟ್ಟಿ ನೋಡಿದಳು, ಜ್ವರವೇನೋ, ಮಾತೇ ಇಲ್ಲ. ಕೆಟ್ಟ ಗಡಿಯಾರದ ಹಲ್ಲುಚಕ್ರಗಳನ್ನು ಅಂದಕ್ಕೆ ಅಂತ ಮೈತುಂಬ ಅಂಟಿಸಿದ್ದೆ, ಅವಳು ಒಂದರ ಮೇಲೆ ಬೆರಳಿಟ್ಟು, ಇದು ಏನನ್ನ ತಿರುಗಿಸುತ್ತೆ ಅಂದಳು, ಏನೂ ಇಲ್ಲ ಚಿಕ್ಕಿ, ಬಿಲ್ಡಪ್ಪು, ಅಂದೆ, ಏನೂ ತಿರುಗಿಸದೇ ಇರೋದು ಮನೇಲಿ ಒಂದಿದ್ರೆ ಸಾಕು ಅಂತ ಕಿತ್ತು ನನ್ನ ಅಂಗೈಗೆ ಹಾಕಿದಳು. ಬಟ್ಟೆ ಹೊದಿಸಿದ್ದು ಅವಳೇ, ಹಳೇ ಕೊಡೆಗಳ ಕಪ್ಪು ಬಟ್ಟೆ, ಹೋಳು ಹೋಳಾಗಿ ಕತ್ತರಿಸಿ, ಮಡಿಕೆ ಒಳಗೆ ಹೋಗುವ ಹಾಗೆ ಹೊಲಿದು, ಮೊದಲ ಸಲ ಪೂರ್ತಿ ಹೊದಿಸಿ ಮುಗಿಸಿ ಇಬ್ಬರೂ ಹಿಂದೆ ಸರಿದು ನಿಂತೆವು, ನಾನು ಎಂಟ್ರಿ ಮ್ಯೂಸಿಕ್ಕು ಬಾಯಲ್ಲೇ ಶುರು ಮಾಡಿದೆ, ಮೂತಿಯನ್ನು ಒಂದು ಬೆರಳಿಂದ ಮುಟ್ಟಿದೆ — ಟಪ್ ಅಂತ ಇಡೀ ಹಡಗು ಮಡಚಿಕೊಂಡಿತು. ಕೈ ಅಭ್ಯಾಸದಲ್ಲಿ ಕಡ್ಡಿಗಳ ಕೀಲುಗಳನ್ನೆಲ್ಲ ಅವಳು ಹಾಗೆಯೇ ಬಿಟ್ಟಿದ್ದಳು, ಎಣ್ಣೆ ಕೂಡ ಹಾಕಿದ್ದಳು. ನೆಲದ ಮೇಲೆ ಕೂತು ಅವಳು ನಕ್ಕ ನಗು, ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವ ತನಕ, ಆಮೇಲೆ ಒಂದೊಂದು ಕೀಲಿಗೂ ದಾರ ಸುತ್ತಿ ಗೋಂದು ಹಾಕಿ ಬಿಗಿದು, ಸುತ್ತುತ್ತ ಸುತ್ತುತ್ತ ಹೇಳಿದಳು, ನಾನು ಹೊಲಿದದ್ದೆಲ್ಲ ಮಡಚಿಕೊಂಡು ಯಾರ ಕಂಕುಳಲ್ಲೋ ಹೋಗಿಬಿಡುತ್ತೆ ಕಣೋ, ಬಿಚ್ಚಿದ ಹಾಗೇ ನಿಂತಿರೋದು ಇದೊಂದೇ. ನಾನು ಜೋಕು ಹುಡುಕಿದೆ, ಸಿಗಲಿಲ್ಲ, ಗೋಂದಿನ ಡಬ್ಬಿ ಮುಚ್ಚಿದೆ.

ಈಗ ಡಾಕ್ಟರು ಕೈ ಒರೆಸಿಕೊಂಡು ಬಂದು ಎತ್ತುತ್ತಿದ್ದಾರೆ, ಎರಡೂ ಕೈ ಹೊಟ್ಟೆಯ ಕೆಳಗೆ, ಹೆರಿಗೆ ಆಸ್ಪತ್ರೆಯಲ್ಲಿ ಎತ್ತುತ್ತಾರಲ್ಲ ಹಾಗೆ, ಮೇಜಿನ ಆಚೆ ತುದಿಯಲ್ಲಿ, ಮರದ ದಿಮ್ಮಿಗೆ ನೆಟ್ಟ ಕೊಡೆಯ ಉಕ್ಕಿನ ಕೋಲಿನ ತುದಿಗೆ ಕೂರಿಸಿ ಕೈ ತೆಗೆದರು, ನಿಂತಿತು, ಅಲುಗಲಿಲ್ಲ. ಟೇಪು ಹಿಡಿದು ಅಳೆದು ದಿಮ್ಮಿಯನ್ನು ಸರಿಸುತ್ತಾರೆ, ರಟ್ಟಿನ ಬೆಟ್ಟ ದಾಟಿತು, ನನ್ನ ಪಕ್ಕದಲ್ಲಿ ಚಿಕ್ಕಿ, ಕೈಚೀಲ ಎದೆಗೆ ಅವುಚಿಕೊಂಡು, ಕ್ಲಬ್ಬಿಗೆ ಮೊದಲ ಸಲ ಬಂದವಳು, ಅದ್ಯಾಕೋ ಆ ಕಡೆ ಹೋಗಿದೆ ನಮ್ಮದು ಅಂದಳು. ಇವತ್ತು ಅದು ಶತ್ರು ಚಿಕ್ಕಿ, ನಾನು ಹೊಡೀಬೇಕು, ಅಂದೆ. ನೀನು ಕಟ್ಟಿದ್ದನ್ನ ನೀನೇ ಹೊಡೀಬೇಕಾ, ಯಾವ ತಲೆಕೆಟ್ಟೋನು ಮಾಡಿದ ರೂಲ್ಸೋ ಇದು. ಡಾಕ್ಟರು ಟೇಪು ಹಿಡಿದ ಕೈಯನ್ನು ಕ್ಲಾಸಿನ ಹುಡುಗನ ಹಾಗೆ ಮೇಲೆತ್ತಿ, ನಾನೇ ಅಮ್ಮ ಅಂದರು, ಚಿಕ್ಕಿ ಒಂದು ಕ್ಷಣ ಅವರನ್ನು ನೋಡಿ, ನಮ್ಮ ಮನೇಲಿ ಯಾರಿಗೂ ಹಲ್ಲುನೋವು ಬರದೇ ಇರಲಿ ಅಂದಳು, ಮೇಷ್ಟ್ರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಹಡಗು ಮತ್ತೆ ಸರಿಯಿತು, ಕಾಗದದ ಮನೆಗಳ ಮೇಲೆ, ನದಿ ಅಂತ ನಾವು ಬಳಿದ ನೀಲಿಯ ಮೇಲೆ, ಮೇಲಿನಿಂದ ನೋಡಿದರೆ ಎಲ್ಲ ಗೊತ್ತಿರುವುದೇ, ಬಾಲದ ಹತ್ತಿರ ಬ್ರಷ್ ಜಾರಿದ ಕಲೆ ನನಗೆ ಗೊತ್ತು, ಎಡ ಚಿಮಣಿ ಒಂದು ಕೂದಲೆಳೆ ವಾಲಿರುವುದು ಗೊತ್ತು, ಬಾ ಮಗನೇ ಬಾ, ನಿನ್ನ ಅಪ್ಪ ಇಲ್ಲೇ ನಿಂತಿದ್ದಾನೆ, ಇಂಥದ್ದೇನಾದರೂ ಹೇಳಬೇಕು, ಎಲ್ಲರೂ ಕಾಯುತ್ತಿದ್ದಾರೆ, ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಮೇಜು ಕಪ್ಪಾಯಿತು. ಕಪ್ಪಾಯಿತು ಅಂದರೆ ನೆರಳು, ಹಡಗಿನದು, ಕೋಟೆಯ ಮೇಲೆ, ತೋಪಿನ ಮೇಲೆ, ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿದ ನನ್ನ ಸಿಪಾಯಿಗಳ ಮೇಲೆ, ಬಣ್ಣ ಬಳಿದ ಅವರ ಮುಖಗಳು ಆರಿಹೋದವು, ನನ್ನ ಕೈಯ ಮೇಲೂ ಬಂತು, ಕೈಗೆ ತಣ್ಣಗಾದ ಹಾಗಾಯಿತು, ಹಾಗಾಗುವುದಿಲ್ಲ, ಆದರೂ ಆಯಿತು. ನಿನ್ನ ಸರದಿ ಅಂದರು ಡಾಕ್ಟರು. ಆಗಲೇ ಚಿಕ್ಕಿ ಬಗ್ಗಿದ್ದು. ಹೊಸದೇನಲ್ಲ ಅದು, ಯಾರೇ ಕೊಡೆ ತಂದು ಕೊಟ್ಟರೂ ಅವಳು ಮೊದಲು ಮಾಡುವುದು ಅದನ್ನೇ, ಬಿಚ್ಚಿ, ಒಳಗೆ ತಲೆ ತೂರಿಸಿ, ಬೆಳಕಿಗೆ ಎತ್ತಿ ಹಿಡಿದು ಕೆಳಗಿನಿಂದ ನೋಡುವುದು, ಮಾತಾಡುತ್ತ ಮಾತಾಡುತ್ತಲೇ, ಕೈಯಲ್ಲಿ ಎತ್ತಲಾಗದ ಕೊಡೆ ಇದು, ಹಾಗಾಗಿ ತಾನೇ ಮೊಣಕಾಲೂರಿ, ಗಲ್ಲ ಮೇಜಿನ ಅಂಚಿಗಿಟ್ಟು, ತಲೆ ವಾರೆ ಮಾಡಿದಳು, ಸುಮ್ಮನಾದಳು. ಏನು ಚಿಕ್ಕಿ. ಏನಾಯ್ತು, ಹೊಲಿಗೆ ಬಿಟ್ಟಿದೆಯಾ. ಲೋ, ಬಗ್ಗೋ ಇಲ್ಲಿ, ಅಂದಳು, ಅವಳ ಧ್ವನಿಯೇ ಅಲ್ಲ ಅದು.

ಬಗ್ಗಿದೆ. ಮೇಜಿನ ಮರ ಗಲ್ಲಕ್ಕೆ ಒರಟಾಗಿ ತಗುಲಿತು, ಸಿಪಾಯಿಯ ಬೂಟುಗಳು ನನ್ನ ಮೂಗಿನ ಹತ್ತಿರ, ಅವನ ಎತ್ತರದಿಂದ ಮೇಲೆ ನೋಡಿದೆ, ಆಕಾಶ ಇರಲಿಲ್ಲ, ಹಡಗಿತ್ತು. ಆಚೆ ಕಿಟಕಿ, ಕಿಟಕಿಯ ತುಂಬ ಮಧ್ಯಾಹ್ನ ಇಳಿದ ಬಿಸಿಲು, ಕಪ್ಪು ಅಂದುಕೊಂಡಿದ್ದ ಬಟ್ಟೆ ಕಪ್ಪೇ ಅಲ್ಲ, ನೇರಳೆ, ಅದರಾಚೆ ಪಕ್ಕೆಲುಬುಗಳು ಒಂದರ ಹಿಂದೆ ಒಂದು, ದೂರದವರೆಗೆ, ಮತ್ತು ತೂತುಗಳು. ತೂತು ತೂತು ತೂತು, ಯಾರ ಯಾರದೋ ಹಳೇ ಕೊಡೆಗಳ ಸೂಜಿಮೊನೆಯಷ್ಟು ತೂತುಗಳು, ಒಂದೊಂದರಲ್ಲೂ ಬಿಸಿಲು ಹೊಕ್ಕು ನಿಂತಿದೆ, ಎಣಿಸಲು ಹೋಗಿ ಬಿಟ್ಟೆ, ಫ್ಯಾನಿನ ಗಾಳಿ ತಾಗಿದಾಗ ಬಟ್ಟೆ ಒಂದಿಷ್ಟು ಉಬ್ಬುತ್ತದೆ, ಇಳಿಯುತ್ತದೆ, ಉಬ್ಬಿದಾಗ ಬೆಳಕಿನ ಚುಕ್ಕೆಗಳೆಲ್ಲ ಒಟ್ಟಿಗೆ ಸರಿಯುತ್ತವೆ, ಇಳಿದಾಗ ಮರಳುತ್ತವೆ, ಉಸಿರಾಡುತ್ತಿದೆ, ಇದನ್ನು ನಾನು ಮಾಡಲಿಲ್ಲ, ಮಾಡಿದೆ, ಆದರೆ ಇದನ್ನು ಮಾಡಲಿಲ್ಲ, ಪೌಡರ್ ಡಬ್ಬಿ ಎಲ್ಲಿ ಹೋಯಿತು, ರೀಫಿಲ್ಲು ಎಲ್ಲಿ, ಬಾಯ್ಲರು ಇದೆ, ಕೊಳವೆಯೊಳಗೆ ಉಗಿ ಇದೆ, ಅಟ್ಟದ ಅಂಚಿನಲ್ಲಿ ಯಾರೋ ನಿಂತು ನನ್ನನ್ನು ನೋಡುತ್ತಿರಬಹುದು, ಅವನಿಗೆ ನಾನು ಎಷ್ಟು ಚಿಕ್ಕವನಾಗಿ ಕಾಣುತ್ತಿರಬೇಕು, ಬೆಳಕಿನ ಚುಕ್ಕೆ, ಸರಿಯಿತು, ಮರಳಿತು. ಎಷ್ಟೊಂದು ತೂತೋ, ಅಂದಳು ಚಿಕ್ಕಿ ಕಿವಿಯ ಹತ್ತಿರ, ಇಷ್ಟು ವರ್ಷ ಎಲ್ಲ ಮುಚ್ಚಿದ್ದೇ ಮುಚ್ಚಿದ್ದು. ಮೇಷ್ಟ್ರು ಎಲ್ಲೋ ಮೇಲಿನಿಂದ, ಆರು ಬಿದ್ರೆ ಕೆಳಗೆ, ಬೇರೆ ಏನು ಬಿದ್ರೂ ದಾಟುತ್ತೆ, ಹಾಕಪ್ಪ ಅಂದರು, ಮುಷ್ಟಿಯಲ್ಲಿ ದಾಳ ಬೆವರಿದೆ, ಕಿರುಬೆರಳು, ಒತ್ತು, ಜಾರಿಸು, ಇಷ್ಟೇ ತಾನೇ, ಮಾಡಿ ಮಾಡಿ ರೂಢಿಯಾದದ್ದು, ಬಟ್ಟೆ ಉಬ್ಬಿತು, ಚುಕ್ಕೆಗಳೆಲ್ಲ ಸರಿದವು, ಬೆರಳುಗಳು ಬಿಚ್ಚಿಕೊಂಡವು. ಬಿಚ್ಚಿಕೊಂಡವು ಅಷ್ಟೇ, ನಾನು ಬಿಚ್ಚಲಿಲ್ಲ, ಬೆರಳಿಗೆ ಕಲಿಸಿದ್ದೆಲ್ಲ ಮರೆತಿತ್ತು, ದಾಳ ಮೇಜಿನ ಮೇಲೆ ನಿಜವಾಗಿಯೇ ಉರುಳುವ ಸದ್ದು, ಟಕಟಕ, ಕೋಟೆಗೋಡೆಗೆ ತಾಗಿದ ಸದ್ದು, ನಿಂತದ್ದು. ನೋಡಲಿಲ್ಲ. ಮೇಷ್ಟ್ರು ನೋಡಿದರು, ಗೆದ್ದವರ ದನಿಯಲ್ಲ, ಮೆಲ್ಲಗೆ, ಆರು ಕಣೋ ಅಂದರು, ಬಿತ್ತು ನಿನ್ನ ಹಡಗು. ಕೋಟೆ ಉಳಿಯಿತು. ಹೊಡೆದವನೇ ಎತ್ತಿ ಹಲಗೆಗೆ ಇಡಬೇಕು, ಅದೂ ರಿವಾಜು, ಎದ್ದು ಎರಡು ಕೈ ಚಾಚಬೇಕು, ಚಾಚಿದೆ, ಚಿಕ್ಕಿ ಮೊಣಕೈ ಹಿಡಿದು ಕೆಳಗೆ ಎಳೆದಳು, ಇರೋ, ಮುಟ್ಟಬೇಡ. ಇರು ಅಂದಳು, ಇದ್ದೆ. ಆ ಕಡೆಯಿಂದ ಡಾಕ್ಟರು ಬಂದು, ಏನಮ್ಮ ಅದು ಅಂತ ಬಗ್ಗಿದರು, ಅವರ ಕನ್ನಡಕ ಮೇಜಿನಂಚಿಗೆ ಟಿಕ್ ಅಂತು, ಮೇಷ್ಟ್ರ ಮೊಣಕಾಲು ಲಟಕ್ಕೆಂದು ಅವರೂ ಇಳಿದರು, ನಾಲ್ಕು ಗಲ್ಲ ಒಂದೇ ಅಂಚಿನ ಮೇಲೆ, ಡೈಲಾಗು, ಏನಾದ್ರೂ ಹೇಳಪ್ಪ ಅಂದರು ಯಾರೋ, ಡಾಕ್ಟರೋ ಮೇಷ್ಟ್ರೋ, ಬಾಯಿ ತೆರೆದೆ, ಎಷ್ಟು ಪಿಕ್ಚರು ನೋಡಿದ್ದೇನೆ, ಎಷ್ಟು ಹೀರೋಗಳು, ಬಿದ್ದ ಹಡಗಿಗೆ ಒಬ್ಬನಾದರೂ ಏನೋ ಒಂದು ಹೇಳಿರಬೇಕಲ್ಲ, ಬಿದ್ದಿಲ್ಲ ಸಾರ್ ಅದು, ಅಲ್ಲೇ ಇದೆ, ಬಟ್ಟೆ ಉಬ್ಬಿತು, ತೂತುಗಳಲ್ಲಿ ಬೆಳಕು, ಸರಿಯಿತು, ಇಳಿಯಿತು, ಮರಳಿತು, ತೂತುಗಳಲ್ಲಿ ಬೆಳಕು, ಸರಿಯಿತು, ತೂತುಗಳಲ್ಲಿ