ಊಟಕ್ಕೆ ಹೋದ ಮೇಡಮ್

"ಪೂರಾ ನಗಬ್ಯಾಡ್ರಿ ವೈನಿ. ತುಟಿ ಅಷ್ಟ ಸ್ವಲ್ಪ… ಹಾಂ, ಹಂಗಽ ನಿಂದರ್ರಿ!"

ಗೌತಮಿ ಮೊಬೈಲ್ ಎತ್ತಿ ಹಿಡಿದಿದ್ದಳು. ಮಾಳಿಗೆಯ ಸುಣ್ಣದ ಗೋಡೆಗೆ ಬೆನ್ನು ಕೊಟ್ಟು ನಿಂತ ವರದಾಳ ಮೈಮೇಲೆ ನಾದಿನಿಯ ಕಪ್ಪು ಕೋಟು, ಕಾಲಲ್ಲಿ ಜೋಳದ ಹಿಟ್ಟು ಮೆತ್ತಿದ ಹಳೆಯ ಪೈಜಾಮ. ಫೋಟೋದಲ್ಲಿ ಎದೆಯಿಂದ ಮೇಲಷ್ಟೇ ಬರುತ್ತದೆ, ಕೆಳಗಿನದನ್ನು ಯಾರು ಕೇಳುತ್ತಾರೆ ಎಂಬುದು ಗೌತಮಿಯ ವಾದ. ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಜನರನ್ನು ನೌಕರಿಗೆ ಆರಿಸುವ ಕೆಲಸ ಅವಳದು. ದೀಪಾವಳಿ ರಜೆಗೆ ಸವದತ್ತಿಗೆ ಬಂದವಳು, ಅಣ್ಣನ ಹೆಂಡತಿಗೆ ಲಿಂಕ್ಡ್‌ಇನ್‌ನಲ್ಲಿ ಒಂದು ಪ್ರೊಫೈಲ್ ಮಾಡಿಕೊಡದೆ ಹೋಗುವುದಿಲ್ಲ ಎಂದು ಪಟ್ಟು ಹಿಡಿದಿದ್ದಳು.

ಹೆಸರು, ಊರು, ಬಿ.ಫಾರ್ಮ್ ಪದವಿ ಎಲ್ಲ ಸರಾಗವಾಗಿ ತುಂಬಿದವು. ಅನುಭವದ ಜಾಗ ಬಂದಾಗ ಗೌತಮಿಯ ಬೆರಳು ನಿಂತಿತು.

"ಇಲ್ಲೇನ ಹಾಕೂಣು?"

"ಏನದ ಹಾಕಲಿಕ್ಕೆ? ಪರೀಕ್ಷಾ ಮುಗದ ವರ್ಷಽ ಮದುವಿ, ಮುಂದ ಮಗಾ. ರೊಟ್ಟಿ ಬಡಿಯೂ ಅನುಭವ ಬೇಕಾದ್ರ ಹಾಕು," ಎಂದು ವರದಾ ನಕ್ಕಳು.

"ಖಾಲಿ ಬಿಟ್ರ ಯಾರೂ ತಿರುಗಿ ಸುದ್ದಾ ನೋಡೂದಿಲ್ಲ. ಅಂಥವು ದಿನಾ ನಾನಽ ಎಷ್ಟ್ ತಗದ ಒಗೀತೀನಿ. ಅಲ್ರಿ ವೈನಿ, ರಾಮದುರ್ಗದಾಗ ನಿಮ್ಮ ಸರ್ಟಿಫಿಕೇಟ್ ಅದಲ್ಲ?"

ಇತ್ತು. ನೀಲಪ್ಪನ ಔಷಧ ಅಂಗಡಿಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ದೇವರ ಪಟದ ಪಕ್ಕದಲ್ಲಿ. ಔಷಧ ಅಂಗಡಿ ಇಡಬೇಕೆಂದರೆ ಕಲಿತ ಫಾರ್ಮಸಿಸ್ಟ್ ಒಬ್ಬರು ಅಲ್ಲಿ ಇರಬೇಕೆಂದು ಕಾಯಿದೆ. ನೀಲಪ್ಪ ಕಲಿತದ್ದು ಹತ್ತನೆಯ ಇಯತ್ತೆಯವರೆಗೆ. ವರದಾಳ ತಂದೆ ಕೃಷ್ಣಾಜಿ ರಾಮದುರ್ಗದಲ್ಲಿ ಅವನ ಓಣಿಯವರು. ಮಗಳ ಮದುವೆಯಾದ ಮೇಲೆ, "ಪೆಟ್ಟಿಗ್ಯಾಗ ಕೊಳಿಯೂ ಕಾಗದ, ಗ್ವಾಡಿ ಮ್ಯಾಲರೆ ಇರಲಿ" ಎಂದು ತಾವಾಗಿಯೇ ಕೊಟ್ಟುಬಿಟ್ಟಿದ್ದರು. ಮನೆ ಬಾಡಿಗೆ ಬಂದಂತೆ ಅದರ ಬಾಡಿಗೆಯೂ ತಿಂಗಳಿಗೊಮ್ಮೆ ಬರುತ್ತಿತ್ತು. ಅವಳ ಜೊತೆ ಕಲಿತವರಲ್ಲಿ ಇನ್ನೂ ಕೆಲವರ ಪದವಿ ಹೀಗೇ ಯಾರದೋ ಗೋಡೆಗೆ ಜೋತುಬಿದ್ದಿತ್ತು. ಅದು ತಪ್ಪೆಂದು ಎಲ್ಲರಿಗೂ ಗೊತ್ತು, ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಔಷಧ ಇಲಾಖೆಯ ಇನ್‌ಸ್ಪೆಕ್ಟರ್ ಬಂದರೆ ನೀಲಪ್ಪ ಕೈ ಮುಗಿದು, "ಮೇಡಮ್ ಈಗಷ್ಟ ಊಟಕ್ಕ ಹೋದ್ರು ಸಾಹೇಬ್ರ" ಎನ್ನುತ್ತಿದ್ದ. ಬೆಳಿಗ್ಗೆ ಬಂದರೂ ಊಟ, ಸಂಜೆ ಬಂದರೂ ಊಟ. ಮದುವೆಯಾದ ಲಾಗಾಯ್ತು ವರದಾ ರಾಮದುರ್ಗದಲ್ಲಿ ಊಟ ಮಾಡುತ್ತಲೇ ಇದ್ದಳು. ಅಂಗಡಿಯ ಹೊಸ್ತಿಲನ್ನು ಮಾತ್ರ ಒಮ್ಮೆಯೂ ತುಳಿದಿರಲಿಲ್ಲ.

"ಅದನ್ನ ಹ್ಯಾಂಗ ಹಾಕಲಿಕ್ಕೆ ಬರ್ತದ?"

"ಯಾಕ ಬರೂದಿಲ್ಲ? ಸರಕಾರದ ದಫ್ತರದಾಗ ನೀವಽ ಅಲ್ಲಿ ಫಾರ್ಮಸಿಸ್ಟ್ ಅಂತ ಅದ. ಸುಳ್ಳೇನದ ಅದರಾಗ?"

ಹಾಗೆ ನೋಡಿದರೆ ಸುಳ್ಳೇನೂ ಇರಲಿಲ್ಲ. ಮದುವೆಯ ವರ್ಷದಿಂದ ಇಂದಿನವರೆಗೆ ಎಂದು ಗೌತಮಿ ತುಂಬಿದಳು. ಅಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ ಜಾಗಕ್ಕೆ ಬಂದಾಗ ವರದಾಳೇ ಮೊಬೈಲ್ ಇಸಿದುಕೊಂಡಳು. ಕಾಲೇಜಿನಲ್ಲಿ ಅವಳಿಗೆ ಅತ್ಯಂತ ಇಷ್ಟವಾಗಿದ್ದ ಪಾಠ ನೆನಪಾಗಿತ್ತು. ಒಬ್ಬರು ರೋಗಿಯಾಗಿ, ಇನ್ನೊಬ್ಬರು ಫಾರ್ಮಸಿಸ್ಟ್ ಆಗಿ ಎದುರುಬದುರು ನಿಂತು ಮಾತನಾಡುವ ಪಾಠ. ಅದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. 'ಯಾವ ಔಷಧಿಯನ್ನು ಹೇಗೆ, ಯಾವಾಗ ತೆಗೆದುಕೊಳ್ಳಬೇಕೆಂದು ಪ್ರತಿಯೊಬ್ಬ ರೋಗಿಗೂ ಖುದ್ದಾಗಿ ತಿಳಿಸಿ ಹೇಳುತ್ತೇನೆ' ಎಂದು ಬರೆದಳು. ಬರೆದು ಓದಿಕೊಂಡಾಗ ನಾಚಿಕೆಯಾಗಬೇಕಿತ್ತು. ಆದದ್ದು ಸಂತೋಷ. ಕೋಟು ಹಾಕಿಕೊಂಡು ಅರ್ಧ ನಗುತ್ತಿದ್ದ ಆ ಹೆಂಗಸು ನಿಜವಾಗಿಯೂ ಎಲ್ಲೋ ಇದ್ದಾಳೆ, ದಿನಾಲು ಕೆಲಸಕ್ಕೆ ಹೋಗುತ್ತಾಳೆ ಅನ್ನಿಸಿತು.

ಗೌತಮಿ ಹುಬ್ಬಳ್ಳಿಗೆ ಮರಳಿದ ಮೇಲೆ ವರದಾಳಿಗೆ ಅದೊಂದು ಹುಚ್ಚೇ ಹಿಡಿಯಿತು. ಒಗ್ಗರಣೆಗೆ ಎಣ್ಣೆ ಕಾಯುವಷ್ಟರಲ್ಲಿ ಒಮ್ಮೆ ತೆರೆದು ನೋಡುವಳು. ಹಳೆಯ ಗೆಳತಿಯರು ಸಿಕ್ಕರು, ಕಾಲೇಜಿನ ಮಾಸ್ತರರು ಮೆಚ್ಚಿಕೊಂಡರು. ಒಂದು ದಿನ ಧಾರವಾಡದ ಆಸ್ಪತ್ರೆಯೊಂದರಿಂದ ಫೋನು ಬಂತು. ಔಷಧ ವಿಭಾಗಕ್ಕೆ ಅನುಭವ ಇದ್ದವರು ಬೇಕಾಗಿದ್ದರು. ಫೋನಿನಲ್ಲೇ ಅರ್ಧ ತಾಸು ಪ್ರಶ್ನೆ ಕೇಳಿದರು. ಒಂದಕ್ಕೂ ಅವಳು ತಡವರಿಸಲಿಲ್ಲ. ಸೋಮವಾರ ಬಂದು ದೊಡ್ಡ ಡಾಕ್ಟರನ್ನು ಕಂಡರೆ ಆಯಿತು, ಕೆಲಸ ನಿಮ್ಮದೇ ಅಂದುಕೊಳ್ಳಿ ಎಂದರು.

ಮನೆಯಲ್ಲಿ ಹಬ್ಬ ಮತ್ತೊಮ್ಮೆ ಬಂದಂತಾಯಿತು. ಮಗನನ್ನು ಸಾಲೆಯಿಂದ ತಾನೇ ಕರೆತರುವುದಾಗಿ ಗಂಡ ಸಂಕೇತ ಒಪ್ಪಿಕೊಂಡ. "ದಿನಾ ಬಸ್ಸಿನ್ಯಾಗ ಹೋಗಿ ಬರೂದು ಆಗ್ತದೇನವಾ ನಿನಗ?" ಎಂದು ರಾಗ ಎಳೆದ ಅತ್ತೆ ಯಮುನಾಬಾಯಿ, ಮರುಗಳಿಗೆಯಲ್ಲಿ ತಮ್ಮ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಸೊಸೆಯ ಮುಂದಿಟ್ಟರು. ವರದಾಳ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ತನಗಾಗಿಯೇ ಬಂದ ಒಂದು ದಿನ ಎಂದರೆ ಆ ಸೋಮವಾರವೇ.

ಶನಿವಾರ ಮಧ್ಯಾಹ್ನ ಪ್ರೊಫೈಲಿಗೆ ಒಂದು ಸಂದೇಶ ಬಂತು. ಇನ್ನೊಂದು ಅಭಿನಂದನೆ ಇರಬೇಕೆಂದು ಕೈ ಒರೆಸಿಕೊಂಡು ತೆರೆದಳು.

"ಮೇಡಮ್ ನಮಸ್ಕಾರ್ರಿ. ನಾ ತೊರಗಲ್ಲಿನಾವ, ಸಂದೀಪ ಅಂತ. ಬೆಳಗಾವಿ ಫ್ಯಾಕ್ಟರ್ಯಾಗ ಲೇಥ್ ಆಪರೇಟರ್ ಅದೇನಿ. ನೀಲಪ್ಪಣ್ಣನ ಅಂಗಡಿ ಗ್ವಾಡಿ ಮ್ಯಾಲಿನ ಹೆಸರ ನೋಡಿ ನಿಮ್ಮನ್ನ ಇಲ್ಲಿ ಹುಡುಕೇನ್ರಿ. ನಮ್ಮವ್ವ ರಾಯವ್ವಗ ಕೀಲ ಬ್ಯಾನಿ ಇತ್ರಿ. ಡಾಕ್ಟರ್ ಬರ್ದಕೊಟ್ಟ ಗುಳಿಗಿ ನಿಮ್ಮ ಅಂಗಡ್ಯಾಗ ತಂದೇವ್ರಿ. ಈಗ ಬಾಯಿ ಪೂರಾ ಹುಣ್ಣಾಗಿ ನೀರೂ ಇಳಿವಲ್ದು, ದವಾಖಾನ್ಯಾಗ ಅದಾಳ್ರಿ. ವಾರಕ್ಕ ಒಂದಽ ತಗೊಳ್ಳೂ ಗುಳಿಗಿ ದಿನಾ ತಗೊಂಡಾಳ, ರಕ್ತ ಎಲ್ಲಾ ಕೆಟ್ಟೈತಿ, ಹೇಳಾಕ ಬರೂದಿಲ್ಲ ಅನ್ನಾಕ ಹತ್ಯಾರ್ರಿ."

ಗುಳಿಗೆಯ ಹೆಸರು ಅವನು ಬರೆದಿರಲಿಲ್ಲ. ವರದಾಳಿಗೆ ಅದು ಬೇಕಾಗಿಯೂ ಇರಲಿಲ್ಲ. ಈ ಒಂದು ಗುಳಿಗೆಯನ್ನು ಕೊಡುವಾಗ 'ವಾರಕ್ಕೊಮ್ಮೆ' ಎಂದು ರೋಗಿಯ ಬಾಯಿಂದಲೇ ತಿರುಗಿ ಹೇಳಿಸಬೇಕೆಂದು ಮಾಸ್ತರರು ಮೇಜು ಗುದ್ದಿ ಕಲಿಸಿದ್ದರು. ಸಂದೇಶ ಇನ್ನೂ ಇತ್ತು.

"ಗುಳಿಗಿ ತಂದಾಕಿ ನನ್ನ ಹೇಣ್ತಿ ಪೂನಮ್. ದಿನಾ ರಾತ್ರಿ ಒಂದ್ ಕೊಡು ಅಂತ ಅಂಗಡಿ ಅಣ್ಣಾರಽ ಹೇಳಿದ್ರು ಅಂತಾಳ್ರಿ. ನೀಲಪ್ಪಣ್ಣ, ನಾ ಅಲ್ಲ, ನಮ್ಮ ಮೇಡಮ್ ಇದ್ರು, ವಾರಕ್ಕೊಮ್ಮಿ ಅಂತ ಅವರಽ ತಿಳಿಸಿ ಹೇಳ್ಯಾರ ಅಂತಾನ್ರಿ. ಅವ್ವಗೂ ಈಕಿಗೂ ಮೊದಲಿಂದ ಅಷ್ಟಕ್ಕಷ್ಟ. ಈಕಿ ಬೇಕಂತಽ ಮಾಡ್ಯಾಳ, ಮನಿ ಬಿಟ್ಟು ಕಳಸು ಅಂತ ನಮ್ಮ ಸೋದರಮಾವಗೋಳು ಕುಂತಾರ್ರಿ. ಪ್ರತಿಯೊಬ್ಬರಿಗೂ ಖುದ್ದ ತಿಳಿಸಿ ಹೇಳ್ತೀನಿ ಅಂತ ನೀವಽ ಇಲ್ಲಿ ಬರದೀರಿ. ನೀವು ಕಲ್ತಾವರು, ಸುಳ್ಳ ಹೇಳೂದಿಲ್ಲ. ಏನ ಹೇಳಿದ್ರಿ, ಒಂದ್ ಮಾತ ತಿಳಸ್ರಿ."

ವರದಾ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನೀಲಪ್ಪನಿಗೆ ಫೋನು ಹಚ್ಚಿದಳು.

"ಅಯ್ಯ, ಅವತ್ತ ಸಂತಿ ದಿನಾ ತಂಗಿ, ಮಂದಿ ಮುಕುರಿದ್ರು," ಎಂದ ನೀಲಪ್ಪ. "ಯಾರಿಗೇನ ಹೇಳೇನಂತ ಯಾಂವ ನೆನಪ ಇಡಬೇಕು? ದಿನಾ ಒಂದು ಅಂದಿದ್ರೂ ಅಂದಿರಬೇಕು. ಗುಳಿಗಿ ಅಂದಮ್ಯಾಲೆ ದಿನಾ ಒಂದಽ ಅಲ್ಲನು?"

"ನಾ ಇದ್ದೆ ಅಂತ ಯಾಕ ಹೇಳಿದ್ರಿ?"

"ಮತ್ತೇನ ಹೇಳಬೇಕಿತ್ತು? ನೀ ಇರಲಿಲ್ಲ ಅಂದ್ರ ನನ್ನ ಅಂಗಡೀನೂ ಹೋತು, ನಿನ್ನ ಸರ್ಟಿಫಿಕೇಟೂ ಹೋತು. ಇದ್ದೆ, ದಿನಾ ಅಂತ ಹೇಳಿದೆ ಅಂದ್ರ ಪೊಲೀಸರು ನಿನ್ನ ಬಾಗಲಿಗಽ ಬರ್ತಾರ. ಇದ್ದೆ, ವಾರಕ್ಕೊಮ್ಮಿ ಅಂತ ಹೇಳಿದೆ ಅನ್ನು. ಹಾವೂ ಸಾಯಂಗಿಲ್ಲ, ಕೋಲೂ ಮುರಿಯಂಗಿಲ್ಲ."

"ಮತ್ತ ಆ ಹುಡುಗಿ?"

"ಮಂದಿ ಮನಿ ಜಗಳ ನಮಗ್ಯಾಕ ತಂಗಿ," ಎಂದು ಫೋನಿಟ್ಟ.

ಊಟಕ್ಕೆ ಬಂದ ಸಂಕೇತನ ಮುಂದೆ ಎಲ್ಲವನ್ನೂ ಹೇಳಿದಳು. ಅವನು ಕೆಟ್ಟವನಲ್ಲ. ಆದರೂ ತಟ್ಟೆ ನೋಡುತ್ತ, "ಸೋಮವಾರ ಇಂಟರ್‌ವ್ಯೂ ಅದ ವರದಾ. ಆ ಅಜ್ಜಿಗೆ ಆರಾಮ ಆತಂದ್ರ ಎಲ್ಲಾರೂ ಮರೀತಾರ. ನೀಲಪ್ಪ ಹೇಳಿಧಾಂಗ ಬರದ್ಬಿಡು," ಎಂದ.

ಅವನು ಹೋದ ಮೇಲೆ ಮೊಬೈಲ್ ಹಿಡಿದು ಕುಳಿತಳು. 'ನಾನು ಆ ಅಂಗಡಿಗೆ ಒಮ್ಮೆಯೂ ಬಂದಿಲ್ಲ. ನಿಮ್ಮ ಹೆಂಡತಿ ಹೇಳುವುದು ನಿಜ' ಎಂದು ಬರೆದಳು. ಎರಡೇ ಸಾಲು. ಓದಿ ನೋಡಿದಳು. ಕಳಿಸಿದರೆ ಕೋಟು ಹಾಕಿಕೊಂಡ ಆ ಹೆಂಗಸು ಇಂದೇ ಸಾಯುತ್ತಾಳೆ, ಮತ್ತೆಂದೂ ಹುಟ್ಟುವುದಿಲ್ಲ. ಯಾರದೋ ಮನೆಯ ಕಾಣದ ಸೊಸೆಗಾಗಿ ತನ್ನ ಓದನ್ನೆಲ್ಲ ಒಲೆಗೆ ಹಾಕಬೇಕೇ? ಇಷ್ಟು ವರ್ಷ ಗೋಡೆಯ ಮೇಲೆ ಸುಮ್ಮನಿದ್ದ ಹೆಸರಿಗೆ ಮುಖ ಕೊಟ್ಟವಳು ತಾನೇ ಅಲ್ಲವೇ ಎಂದು ಹಣೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಒಂದೊಂದೇ ಅಕ್ಷರ ಅಳಿಸಿದಳು. 'ವಾರಕ್ಕೊಮ್ಮೆ ಎಂದೇ ತಿಳಿಸಿ ಹೇಳಿದ್ದೆ. ನಿಮ್ಮ ತಾಯಿ ಬೇಗ ಗುಣವಾಗಲಿ' ಎಂದು ಬರೆದು, ಮತ್ತೆ ಓದದೆ ಕಳಿಸಿಬಿಟ್ಟಳು.

ಉತ್ತರ ಕಾಯುತ್ತಲೇ ಇತ್ತೇನೋ ಎಂಬಂತೆ ಬಂತು. "ಬಾಳ ಉಪಕಾರ ಆತ್ರಿ ಮೇಡಮ್. ಇನ್ನೊಂದು ತ್ರಾಸ ಕೊಡತೇನ್ರಿ. ನಮ್ಮ ಮಾವಗೋಳಿಗೆ ಓದಾಕ ಬರೂದಿಲ್ಲ. ಅದನ್ನಽ ಬಾಯಿಲೆ ಹೇಳಿ, ರೆಕಾರ್ಡ ಮಾಡಿ ಕಳಸ್ರಿ. ಎಲ್ಲಾರೂ ಇಲ್ಲೇ ದವಾಖಾನಿ ಅಂಗಳದಾಗ ಕುಂತೇವಿ."

ಬರೆಯುವುದು ಬೇರೆ, ಬಾಯಿ ಬಿಟ್ಟು ಹೇಳುವುದು ಬೇರೆ. ಮೊದಲ ಸಲ ಮಾತು ಅರ್ಧಕ್ಕೇ ನಿಂತಿತು, ಅಳಿಸಿದಳು. ನೀರು ಕುಡಿದು ಮತ್ತೊಮ್ಮೆ ಹೇಳಿದಳು. ಈ ಸಲ ದನಿ ಸ್ಪಷ್ಟವಾಗಿ, ಮೆತ್ತಗೆ, ನಂಬಿಕೆ ಹುಟ್ಟುವ ಹಾಗೆ ಬಂತು. ಕಾಲೇಜಿನಲ್ಲಿ ಎಲ್ಲರೂ ಹೊಗಳುತ್ತಿದ್ದ ದನಿ ಅದು. "ವಾರಕ್ಕ ಒಂದಽ ಗುಳಿಗಿ ಅಂತ ನಾನಽ ಅವರಿಗೆ ತಿಳಿಸಿ ಹೇಳೀನ್ರಿ. ತಿರುಗಿ ಅವರ ಬಾಯಿಲೇನೂ ಹೇಳಿಸೀನಿ." ಕೊನೆಯ ಮಾತು ಯಾಕೆ ಸೇರಿಸಿದಳೋ ಅವಳಿಗೇ ತಿಳಿಯಲಿಲ್ಲ. ಹಾಗೇ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಸಂದೀಪನ ದನಿಯೇ ಬಂತು. ಸುತ್ತ ಗದ್ದಲ, ಗಂಡಸರ ಬೈಗುಳ.

"ಕೇಳಿಸೇನ್ರಿ ಮೇಡಮ್. ಈಕಿ ಇನ್ನೂ ಒಪ್ಪವಲ್ಲಳ್ರಿ. ನಿಮ್ಮ ಫೋಟೋ ಸುದ್ದಾ ತೋರಿಸೇನಿ—"

ಅವನ ಮಾತಿನ ಮೇಲೆ ಇನ್ನೊಂದು ದನಿ ಹಾಯ್ದು ಬಂತು. ಎಳೆಯ ದನಿ, ಅತ್ತು ಅತ್ತು ಒಡೆದದ್ದು.

"ಅಂಬೇಡ್ಕರ ಸಾಹೇಬ್ರ ಆಣಿ ಮಾಡಿ ಹೇಳ್ತೇನ್ರೀ, ಆ ಅಂಗಡ್ಯಾಗ ಯಾವ ಹೆಣ್ಣಮಗಳೂ ಇರಲಿಲ್ರೀ… ಈಕೀನ ನಾ ನೋಡಽ ಇಲ್ರೀ…"

ಯಾರೋ ಅವಳನ್ನು ಎಳೆದ ಹಾಗೆ ಸದ್ದಾಯಿತು. ಅಲ್ಲಿಗೆ ದನಿ ನಿಂತಿತು.

ವರದಾ ಮೊಬೈಲ್ ಬೋರಲು ಹಾಕಿದಳು. ಪಡಸಾಲೆಯಲ್ಲಿ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಯಮುನಾಬಾಯಿ ಕೂಗುತ್ತಿದ್ದರು. "ವರದಾ, ನನ್ನ ಬಿ.ಪಿ. ಗುಳಿಗಿ ಕೊಡವಾ. ಕಣ್ಣಿನ ಚಾಳೀಸ ಎಲ್ಲಿ ಇಟ್ಟೀನೋ ಸಿಗವಲ್ದು."

ಅವಳು ಡಬ್ಬಿ ತೆರೆದು ಒಂದು ಪಟ್ಟಿ ತೆಗೆದಳು. ಕಿಟಕಿಯ ಬೆಳಕಿಗೆ ಹಿಡಿದು ಹೆಸರು ಓದಿದಳು. ತಿರುಗಿಸಿ ಮತ್ತೊಮ್ಮೆ ಓದಿದಳು. ಹಿಂದೆ ಬಂದು ನಿಂತಿದ್ದ ಅತ್ತೆ ಒಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು, ಇನ್ನೊಂದು ಕೈಯನ್ನು ಅಂಗಾತ ಚಾಚಿದ್ದರು.

"ಎಷ್ಟೊತ್ತು ಓದ್ತಿ? ನೀ ಕೊಟ್ಟದ್ದನ್ನ ನಾ ಯಾವಾಗರೆ ನೋಡಿ ತಗೊಂಡೀನೇನು?"

ವರದಾ ಮತ್ತೆ ಮೊದಲಿನಿಂದ ಓದತೊಡಗಿದಳು. ಅತ್ತೆಯ ಬರಿಗೈ ಹಾಗೇ ಚಾಚಿಕೊಂಡಿತ್ತು.