ಗೇಟಿಗೆ ಸಿಗದ ಮುಖ

“ಮುಖ ಸಿಗುತ್ತಿಲ್ಲ. ದಯವಿಟ್ಟು ಬದಿಗೆ ಸರಿಯಿರಿ,” ಎಂದು ಮೆಟ್ರೊ ಗೇಟು ನಾಲ್ಕನೆಯ ಸಲ ದನಿಯಲ್ಲಿ ಜೇನು ಸುರಿಸಿತು.

“ನಿನ್ ಬಾಯಿಗೆ ಮಣ್ಣಾಕ! ಇಷ್ಟಗಲ ಮಖ ಹೊತ್ಕೊಂಡು ಎದ್ರಿಗೇ ನಿಂತಿವ್ನಿ, ಸಿಗಾಕಿಲ್ವಂತೆ,” ಎಂದಳು ತಾನ್ ಗುಯ್‌ಫೆನ್.

ಹೆಗಲ ಮೇಲೆ ಕಾವಡಿ, ಎರಡು ತುದಿಗೂ ಬಿದಿರು ಬುಟ್ಟಿ, ಬುಟ್ಟಿ ತುಂಬ ಆಗಷ್ಟೇ ಕಿತ್ತ ಸಾಸಿವೆ ಸೊಪ್ಪು. ಎಪ್ಪತ್ತೊಂದರ ಗುಯ್‌ಫೆನ್ ಹನ್ನೊಂದು ವರ್ಷದಿಂದ ಹುವಾಯ್‌ವಾನ್ ನಿಲ್ದಾಣದಲ್ಲೇ ಮೊದಲ ಮೆಟ್ರೊ ಹತ್ತಿ ನಗರದ ಸಂತೆಗೆ ಹೋಗುತ್ತಿದ್ದಳು. ಹಿರಿಯರ ಕಾರ್ಡು ತೋರಿಸಿದರೆ ಸಾಕಿತ್ತು. ಸೋಮವಾರದಿಂದ ನಿಲ್ದಾಣ ಸ್ಮಾರ್ಟ್ ಆಗಿತ್ತು. ಇನ್ನು ಮುಖವೇ ಟಿಕೆಟ್ಟು.

ಹಿಂದಿನ ಸಾಲಿನಲ್ಲಿ ಗೊಣಗಾಟ ಎದ್ದಿತು. ಮ್ಯಾನೇಜರ್ ಶು ಧಾವಿಸಿ ಬಂದ.

“ಏಯ್ ಮುದುಕಿ, ನೆಟ್ಟಗೆ ನಿಲ್ಲು.”

“ಇದೇ ನೆಟ್ಟಗೆ ಕಣಪ್ಪ. ನಲವತ್ತೊರ್ಸ ಹೊರೆ ಹೊತ್ತ ಬೆನ್ನು. ಅದರ ಕಣ್ಣನ್ನೇ ಒಂದ್ ಮೊಳ ಕೆಳಗಿಳಿಸ್ಬಾರ್ದಾ?”

“ತಜ್ಞರು ಗೊತ್ತು ಮಾಡಿದ ಎತ್ತರ ಅದು. ದೋಷ ಯಂತ್ರದಲ್ಲಿಲ್ಲ, ನಿನ್ನ ಬೆನ್ನಲ್ಲಿದೆ.”

ಶು ಜೇಬಿನಿಂದ ಕರವಸ್ತ್ರ ತೆಗೆದ. ಕೈಗೆ ಅವಳ ಚರ್ಮ ತಾಗದಂತೆ ಬೆರಳಿಗೆ ಸುತ್ತಿಕೊಂಡು, ದನದ ಹಲ್ಲು ನೋಡುವವನಂತೆ ಗಲ್ಲ ಹಿಡಿದು ಮೇಲೆತ್ತಿದ. ಕತ್ತು ಲಟಕ್ಕೆಂದಿತು. ನೋವಿಗೆ ಕಣ್ಣಲ್ಲಿ ನೀರು ಬಂತು.

“ದಯವಿಟ್ಟು ಮುಗುಳ್ನಗಿ,” ಎಂದಿತು ಗೇಟು.

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಅಷ್ಟರಲ್ಲಿ ಕೆಳಗೆ ರೈಲು ಹೊರಟುಹೋಯಿತು. ಶು ಕರವಸ್ತ್ರವನ್ನು ಕಸದ ಬುಟ್ಟಿಗೆಸೆದು, ಅವಳ ಹಿಂದಿದ್ದ ಐವರು ಬುಟ್ಟಿಯ ಹೆಂಗಸರಿಗೂ ಸೇರಿಸಿ ಹೇಳಿದ: “ನಾಳೆ ದೊಡ್ಡವರು ನಿಲ್ದಾಣ ನೋಡೋಕೆ ಬರ್ತಾರೆ. ಬುಟ್ಟಿಯವರು ಯಾರೂ ಈ ಕಡೆ ತಲೆ ಹಾಕಬಾರದು. ಸಂತೆಗೆ ನಡೆದೇ ಹೋಗಿ, ಮೈಗೆ ಒಳ್ಳೇದು.”

ಹದಿನಾಲ್ಕು ಕಿಲೋಮೀಟರು. ನಡೆದು ತಲುಪುವ ಹೊತ್ತಿಗೆ ಸೊಪ್ಪು ಬಾಡಿತ್ತು, ಸಂತೆ ಚದುರಿತ್ತು.

“ನಾಳೀಕ್ ಏನ್ ಮಾಡಾವಕ್ಕ?” ಎಂದಳು ಜೊತೆಯ ದೆಂಗ್ ಸುಝೆನ್.

“ಬರಾದು. ಇನ್ನೇನ್ ಮಾಡಾದು?”

ಮರುದಿನ ನಿಲ್ದಾಣದ ತುಂಬ ಹೂಕುಂಡಗಳು. ಕಪ್ಪು ಕೋಟಿನ ಹನ್ನೆರಡು ಮಂದಿಗೆ ಶು ವಿವರಿಸುತ್ತಿದ್ದ: “ನಮ್ಮ ಗೇಟಿಗೆ ಬಡವ ಬಲ್ಲಿದ ಅನ್ನೋ ಭೇದವೇ ಇಲ್ಲ.”

ಆಗಲೇ ಆರು ಕಾವಡಿಗಳು ಒಳಗೆ ಬಂದವು. ಶುವಿನ ಮುಖದ ರಕ್ತ ಇಳಿಯಿತು. ಕೋಟಿನವರ ಮುಖಂಡ ಮಾತ್ರ ಹಿಗ್ಗಿದ. “ಬನ್ನಿ ಅಜ್ಜಿ, ಬನ್ನಿ! ಹಿರಿಯರಿಗೆ ಎಷ್ಟು ಸಲೀಸು ಅಂತ ನೋಡೋಣ.”

ಗುಯ್‌ಫೆನ್ ಗೇಟಿನ ಮುಂದೆ ನಿಂತಳು. “ಮುಖ ಸಿಗುತ್ತಿಲ್ಲ,” ಎಂದು ಗೇಟು ಬಾಯಿಪಾಠ ಒಪ್ಪಿಸಿತು. ಮುಖಂಡ ಶುವಿನತ್ತ ತಿರುಗಿದ. ಶು ಗಂಟಲು ಸರಿಮಾಡಿಕೊಂಡು, “ಇವರು ಸ್ವಲ್ಪ… ಹಳೇ ಮಾದರಿಯವರು ಸಾರ್,” ಎಂದ.

“ಯಾರ್ಲಾ ಹಳೇ ಮಾದರಿ, ಸೂಳೇಮಗನೆ? ನಾ ಬೆಳ್ದಿದ್ನ ತಿಂದ್ಕಂಡೇ ನೀ ಹೊಸಾ ಮಾದರಿ ಆದೋನು!”

ಅಷ್ಟರಲ್ಲಿ ಒಬ್ಬ ಕೋಟಿನವನು ತನ್ನ ಮುಖ ತೋರಿಸಿ ಪಕ್ಕದ ಗೇಟು ತೆರೆಸಿದ್ದ. ಅದರ ಬಾಗಿಲ ರೆಕ್ಕೆಗಳು ಇನ್ನೇನು ಮುಚ್ಚಬೇಕು, ಗುಯ್‌ಫೆನ್ ಬುಟ್ಟಿ ಕಳಚಿ ಕಾವಡಿಯ ಬಿದಿರನ್ನು ನಡುವೆ ಅಡ್ಡ ತುರುಕಿದಳು. ರೆಕ್ಕೆಗಳು ಬಿದಿರನ್ನು ಕಚ್ಚಿ, ಬಿಟ್ಟು, ಮತ್ತೆ ಕಚ್ಚಿದವು. ಸೈರನ್ ಬಾಯಿ ಬಡಿದುಕೊಂಡಿತು.

“ಹೋಗ್ರೇ! ಗಾಡಿ ಬತ್ತು!”

ಐವರೂ ಬುಟ್ಟಿಗಳನ್ನು ತಲೆಯ ಮೇಲೆತ್ತಿಕೊಂಡು ದಾಟಿದರು. ಶು ಗುಯ್‌ಫೆನ್‌ಳ ಒಂದು ಬುಟ್ಟಿ ಹಿಡಿದೆಳೆದ. ಸೊಪ್ಪು ಹೊಳೆಯುವ ನೆಲದ ತುಂಬ ಚೆಲ್ಲಿತು. ಅವಳು ಇನ್ನೊಂದು ಬುಟ್ಟಿಯನ್ನು ಅವುಚಿಕೊಂಡು, ಬಿದಿರನ್ನು ಅಲ್ಲೇ ಬಿಟ್ಟು, ದಾಟಿದಳು.

“ಇದೂ ಪ್ರದರ್ಶನದ ಭಾಗವೇ?” ಎಂದು ಒಬ್ಬ ಕೋಟಿನವನು ಬರೆದುಕೊಳ್ಳುತ್ತ ಕೇಳಿದ.

ಸಂಜೆ ಅವರು ಮರಳುವಾಗ ನಿಲ್ದಾಣದ ಹೊರಗೋಡೆಯ ದೊಡ್ಡ ಪರದೆಯಲ್ಲಿ ಮನೆಯಷ್ಟೆತ್ತರ ಗುಯ್‌ಫೆನ್‌ಳ ಮುಖ ಉರಿಯುತ್ತಿತ್ತು. ಮೇಲೆ ‘ಶಿಸ್ತುಗೆಟ್ಟ ಪ್ರಯಾಣಿಕರು’ ಎಂಬ ಕೆಂಪಕ್ಷರ. ಕೆಳಗೆ ಅವಳ ಹೆಸರು, ಊರು, ವಯಸ್ಸು. ಒಂದೂ ತಪ್ಪಿರಲಿಲ್ಲ.

“ಅಕ್ಕಾ, ಮಖ ಸಿಕ್ತಲ್ಲೇ!” ಎಂದು ಸುಝೆನ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಹೂಂ ಕಣೆ. ಒಳಗ್ ಬಿಡಾಕಾದ್ರೆ ಕಣ್ ಕುರ್ಡು, ಹಿಡಿಯಾಕಾದ್ರೆ ಹದ್ದಿನ್ ಕಣ್ಣು,” ಎಂದು ಗುಯ್‌ಫೆನ್ ತಾನೂ ನಕ್ಕಳು. ಆಮೇಲೆ ಬಹಳ ಹೊತ್ತು ಪರದೆಯನ್ನೇ ನೋಡುತ್ತ ನಿಂತಳು.

ಅದನ್ನು ನೋಡಿದವಳು ಅವಳೊಬ್ಬಳೇ ಅಲ್ಲ. ಅಕ್ಕಪಕ್ಕದ ಹಳ್ಳಿಗಳವರೂ ನೋಡಿದ್ದರು.

ಮರುದಿನ ಮೊದಲ ರೈಲಿನ ಹೊತ್ತಿಗೆ ಶು ನಾಲ್ವರು ಪೊಲೀಸರೊಡನೆ ಗೇಟಿಗೆ ಅಡ್ಡ ನಿಂತಿದ್ದ. ಮೆಟ್ಟಿಲ ಮೇಲೆ ಕಾವಡಿಗಳು ಕಂಡವು. ಆರು, ಹದಿನೈದು, ಮೂವತ್ತು. ಎಣಿಸುತ್ತಿದ್ದ ಪೊಲೀಸ ಅಲ್ಲಿಗೆ ಬಿಟ್ಟ. ಒದ್ದೆ ಬುಟ್ಟಿಗಳಿಂದ ಮೆಟ್ಟಿಲುದ್ದಕ್ಕೂ ಮಣ್ಣುನೀರು ಇಳಿಯುತ್ತಿತ್ತು. ಎಲ್ಲರ ಮುಂದೆ ಗುಯ್‌ಫೆನ್. “ನಿಲ್ಲು!” ಎಂದು ಶು ಕೂಗಿದ.

ಅವಳು ನಿಲ್ಲಲಿಲ್ಲ.