ಗುಬ್ಬಿ ಬಾಯಾಗ ಇಟ್ಟ ಕೈ

ನಾಯಿ ಗಂಟಲಾಗ ಎಲುಬು ಸಿಕ್ಕರ ನೀವು ಏನ ಮಾಡ್ತೀರಿ? ಬಾಯಿ ಅಗಲಿಸಿ ಕೈ ಹಾಕ್ತೀರಿ. ನಾನೂ ಅದನ್ನ ಮಾಡಿದೆ. ಅದರ ಸಲುವಾಗಿ ಇವತ್ತ ನಿಮ್ಮ ಮುಂದ ಬಂದ ಕುಂತೇನಿ.

ನಾ ಶೆಟ್ಟೆವ್ವ. ಧುಪದಾಳದ ಕಡೆ ನಮ್ಮ ಹೊಲ, ಹೊಲದಾಗ ಮನಿ. ನನ್ನ ಬಾಯಿ ಜೋರ ಅಂತ ಸ್ವಸಹಾಯ ಸಂಘದ ಹೆಣ್ಮಕ್ಕಳಿಗೆಲ್ಲಾ ಗೊತ್ತೈತಿ. ಹಂಗಾಗಿ ಈ ಹೇಳೂ ಕೆಲಸಾನೂ ನನ್ನ ಕೊರಳಿಗೆ ಕಟ್ಟ್ಯಾರ. ಇರಲಿ ಬಿಡ್ರಿ. ತಪ್ಪ ಮಾಡಿದಾಕಿ ಬಾಯಿಲೆ ಕೇಳಿದ್ರ ಮನಸಿಗೆ ನಾಟತೈತಿ.

ಗುಬ್ಬಿ ಅಂದ್ರ ನಮ್ಮ ನಾಯಿ. ಎಂಟ ವರ್ಷದ ಹಿಂದ ಯಮಕನಮರಡಿಗೆ ಬೀಗರ ಮನಿಗೆ ಹೋಗಿದ್ವಿ. ಹೈವೇ ಬಾಜೂಕ ಒಂದ ಚಾದಂಗಡಿ, ಅದರ ಬೆಂಚಿನ ಕೆಳಗ ಈ ಮರಿ ಬಿದ್ದಿತ್ತು. ಯಾವುದೋ ಗಾಡಿ ಹಿಂದಿನ ಕಾಲ ಮ್ಯಾಲ ಹಾಯ್ದ ಹೋಗಿತ್ತು. ಮಂದಿ ಚಾ ಕುಡಕೋತ "ಪಾಪ, ಪಾಪ" ಅನ್ನಾಕತ್ತಿದ್ರು, ಯಾರೂ ಮುಟ್ಟವಲ್ರು. ನಮ್ಮ ಯಜಮಾನ್ರು ಕಲ್ಲಪ್ಪ, "ಏ ನಡಿ, ಬಸ್ ಬಂತು" ಅಂದ್ರು. ನಾ ಅವರ ಹೆಗಲ ಮ್ಯಾಲಿನ ಟವೆಲ್ಲ ಎಳಕೊಂಡೆ, ಅದರಾಗ ಮರಿ ಸುತ್ತಿದೆ. ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ. ಕಡೀಕ ಒಂದ ಟೆಂಪೋದಾಗ ಗೋವಿನಜೋಳದ ಚೀಲದ ಮ್ಯಾಲ ಕುಂತ ಬಂದ್ವಿ. ದಾರಿ ತುಂಬ ಯಜಮಾನ್ರು ನನಗ ಬೈದ್ರು. ಮನಿ ಮುಟ್ಟೂದ್ರಾಗ ಮರಿ ಅವರ ತೊಡಿ ಮ್ಯಾಲ ಮಲಗಿತ್ತು.

ಪಶು ದವಾಖಾನಿ ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿದ್ರು. ಗಾಯ ಮಾಯ್ದ ಮ್ಯಾಲ ಹುಚ್ಚ ನಾಯಿ ರೋಗ ಬರದಂಗ ಸೂಜಿನೂ ಹಾಕಿದ್ರು. "ಪ್ರತಿ ವರ್ಷ ಹಾಕಸ್ರಿ, ತಪ್ಪಸಬ್ಯಾಡ್ರಿ" ಅಂದ್ರು. ಕಾಲು ಕುಂಟ ಆತು, ಜೀವ ಉಳೀತು.

ಸತ್ತ ಎಮ್ಮಿಗೆ ಹಾಲ ಭಾಳ ಅಂತಾರಲ್ಲ, ನಾ ಹಂಗ ಹೊಗಳಾಕತ್ತಿಲ್ರಿ. ಗುಬ್ಬಿ ಕಳ್ಳಿನೂ ಇದ್ಳು. ರೊಟ್ಟಿ ಬುಟ್ಟಿ ಮ್ಯಾಲಿನ ಅರಿವಿ ಮೂತಿಲೆ ಸರಿಸಿ, ಮ್ಯಾಲಿನ ರೊಟ್ಟಿ ಬಿಟ್ಟು ನಡುವಿನ ಮೆತ್ತನ ರೊಟ್ಟಿ ಎಳೀತಿದ್ಳು. ನಾ ಕಬ್ಬಿನ ಹೊಲಕ್ಕ ಹೋದ್ರ ಮೂರ ಕಾಲ ಮ್ಯಾಲ ಹಿಂದ ಬರ್ತಿದ್ಳು, ನಾ ಕುಂತ್ರ ಕುಂಡ್ರತಿದ್ಳು. ನನಗ ಟೈಫಾಯ್ಡ್ ಆದಾಗ ಎಂಟ ದಿನ ನನ್ನ ಹಾಸಿಗಿ ಬುಡ ಬಿಡಲಿಲ್ಲ. ನನಗ ಹೊಟ್ಟಿಲೆ ಹುಟ್ಟಿದ ಹೆಣ್ಣ ಮಗಳಿಲ್ಲ. ಖರೆ ಹೇಳತೇನಿ, ಇಲ್ಲ ಅಂತ ಅನಿಸಲೂ ಇಲ್ಲ.

ಇನ್ನ ನನ್ನ ತಪ್ಪ ಕೇಳ್ರಿ. ಬಾಜೂ ಮನಿ ನಜೀರಾ ನಮ್ಮೂರ ಪಶು ಸಖಿ. ದನಾ, ಕುರಿ, ಕೋಳಿಗೆ ಜಡ್ಡ ಬಂದ್ರ ನೋಡಿ ಡಾಕ್ಟರಿಗೆ ಸುದ್ದಿ ಮುಟ್ಟಸೂದು ಆಕಿ ಕೆಲಸ. ಊರಾಗ ನಾಯಿಗೋಳಿಗೆ ಸೂಜಿ ಹಾಕೂ ದಿನಾ ಇದ್ರ ಮೊದಲ ನಮ್ಮನಿಗೆ ಬರ್ತಿದ್ಳು. "ಶೆಟ್ಟಕ್ಕಾ, ಗುಬ್ಬಿನ್ನ ಕರಕೊಂಡ ಬರ್ರಿ." ಗುಬ್ಬಿ ಸೂಜಿ ಅಂದ್ರ ಸಾಕು ಮಂಚದ ಕೆಳಗ ಹೋಗಿ ಕುಂಯ್ ಅಂತಿದ್ಳು, ನನಗ ನೋಡಾಕ ಆಗ್ತಿರಲಿಲ್ಲ. "ಬಿಡವ್ವ, ಕುಂಟ ನಾಯಿ ಐತಿ, ಮನಿ ಬಿಟ್ಟ ಎಲ್ಲಿ ಹೊಕ್ಕೈತಿ, ಯಾರಿಗೆ ಕಚ್ಚತೈತಿ?" ಅಂತ ಕಳಸ್ತಿದ್ದೆ. ಹಂಗ ಮೂರ ವರ್ಷ ಸೂಜಿ ತಪ್ಪಿಸಿದೆ.

ಹೋದ ವರ್ಷ ಸುಗ್ಗಿ ಮುಗದಿತ್ತು. ಒಂದ ಮುಂಜಾನಿ ಗುಬ್ಬಿ ರೊಟ್ಟಿ ಮುಟ್ಟಲಿಲ್ಲ. ಕೆಳಗಿನ ದವಡಿ ಜೋತ ಬಿದ್ದಿತ್ತು, ಜೊಲ್ಲ ಸುರಿಯಾಕತ್ತಿತ್ತು. ನೀರಿನ ಬೋಗಾಣಿಗೆ ಮೂತಿ ಹಾಕ್ತಿದ್ಳು, ನೀರ ಒಳಗ ಹೋಗವಲ್ದು. ಬೊಗಳಿದ್ರ ದನಿ ಒಡದಂಗ ಬರ್ತಿತ್ತು. "ಎಲುಬು ಸಿಕ್ಕೈತಿ" ಅಂದ್ರು ಯಜಮಾನ್ರು. ಅವರು ದವಡಿ ಹಿಡದ್ರು, ನಾ ಕೈ ಹಾಕಿದೆ. ಮಣಿಕಟ್ಟ ತನಕ ಹಾಕಿ ತಡಕಾಡಿದೆ, ಎಲುಬು ಸಿಗಲಿಲ್ಲ. ಕೈ ತಗೀವಾಗ ಹಲ್ಲ ತಾಗಿ ಬೆರಳ ಗೀರಿತು. ಅರಿಷಿಣ ಸುಣ್ಣ ಒತ್ತಿ ಕಟ್ಟಿದೆ, ಮರತೆ. ಮೂರನೆ ದಿನ ಗುಬ್ಬಿ ಹಿಂದಿನ ಎರಡೂ ಕಾಲ ಎಳಕೋತ ಹಿತ್ತಲಕ್ಕ ಹೋದ್ಳು. ನಾ ಹೋಗಿ ನೋಡೂದ್ರಾಗ ಜೀವ ಹೋಗಿತ್ತು. ಯಜಮಾನ್ರು ಆಕಿ ಹಣಿಗೆ ವಿಭೂತಿ ಹಚ್ಚಿದ್ರು, ಬದುವಿನ ಮ್ಯಾಲ ಮಣ್ಣ ಮಾಡಿದ್ವಿ. ಎರಡ ದಿನ ನಾ ಒಲಿ ಹೊತ್ತಿಸಲಿಲ್ಲ.

ನಜೀರಾ ಆವಾಗ ಮೂಡಲಗಿಗೆ ತವರಮನಿಗೆ ಹೋಗಿದ್ಳು. ಬಂದಾಕಿನೇ ನಮ್ಮನಿಗೆ ಓಡಿ ಬಂದ್ಳು, ನನ್ನ ಅಪ್ಪಿ ಅತ್ತಳು. ಆಮ್ಯಾಲ ಕಣ್ಣ ಒರಸಿಕೊಂಡು ಕೇಳಿದ್ಳು.

"ಅಕ್ಕಾ, ಗುಬ್ಬಿಗೆ ಏನಾಗಿತ್ತು?"

ನಾ ಎಲ್ಲಾ ಹೇಳಿದೆ. ಆಕಿ ಮಾರಿ ಬಿಳಿಚಿತು.

"ಎಲ್ಲಿ, ಕೈ ತೋರಸ್ರಿ. ಎರಡ ಮೂರ ತಿಂಗಳದಾಗ ಯಾವುದಾರ ನಾಯಿ ಗುಬ್ಬಿಗೆ ಕಚ್ಚಿತ್ತೇನು?"

"ಕಾಲುವಿ ಕಡೆಯಿಂದ ಒಂದ ನಾಯಿ ಬಂದ ಕಿವಿ ಹರದಿತ್ತು. ಎಣ್ಣಿ ಹಚ್ಚಿದ್ದೆ. ಯಾಕ?"

"ಅಕ್ಕಾ, ಇದು ಎಲುಬಲ್ಲ. ಇದು ಹುಚ್ಚ ನಾಯಿ ರೋಗದಂಗ ಕಾಣತೈತಿ. ರೇಬೀಸ್. ಈಗಿಂದೀಗ ದವಾಖಾನಿಗೆ ನಡೀರಿ."

ನನ್ನ ಸಿಟ್ಟ ನೆತ್ತಿಗೇರಿತು ನೋಡ್ರಿ. "ಏನಂದಿ? ನನ್ನ ಗುಬ್ಬಿ ಹುಚ್ಚ ನಾಯಿ? ಯಾರಿಗೆ ಕಚ್ಚ್ಯಾಳ ಆಕಿ? ಜಡ್ಡಿನಾಗೂ ಬಾಲ ಅಲ್ಲಾಡಸ್ಯಾಳ! ಮಣ್ಣ ಆರಿಲ್ಲ, ಆಗಲೇ ಹೆಸರ ಇಡಾಕ ಬಂದಿ?"

"ಎಲ್ಲಾ ನಾಯಿ ಕಚ್ಚಾಕ ಬರೂದಿಲ್ಲಕ್ಕಾ. ಕೆಲವು ಸುಮ್ಮನ ಆಗ್ತಾವು, ದವಡಿ ಬೀಳತೈತಿ, ಗಂಟಲ ಕೆಲಸಾ ಮಾಡೂದಿಲ್ಲ. ಜೊಲ್ಲಿನಾಗ ವಿಷಾ ಇರತೈತಿ. ಗೀರಿದ್ರೂ ಸಾಕು."

"ಹೊಕ್ಕಳ ಸುತ್ತ ಹದಿನಾಕ ಸೂಜಿ ಚುಚ್ಚಸಿಕೊಳ್ಳಲೇನು?"

"ಅದು ಹಿಂದಿನ ಕಾಲದ ಮಾತು. ಈಗ ರಟ್ಟಿಗೆ ಹಾಕ್ತಾರ, ನಾಕೈದ ಸಲ. ಸರಕಾರಿ ದವಾಖಾನ್ಯಾಗ ರೊಕ್ಕಾನೂ ಇಲ್ಲ."

"ನಾ ಸೂಜಿ ಹಾಕಿಸಿಕೊಂಡ್ರ ಊರ ಮಂದಿ ಏನಂತಾರ? ಶೆಟ್ಟೆವ್ವನ ನಾಯಿಗೆ ಹುಚ್ಚ ಹಿಡದಿತ್ತು ಅಂತಾರ. ನಾ ಒಲ್ಲೆ. ನೀ ಹೋಗು."

ಆಕಿ ಹೋಗಲಿಲ್ಲ. ಕಟ್ಟಿ ಮ್ಯಾಲ ನನ್ನ ಬಾಜೂಕ ಕುಂತಳು. ಮೆಲ್ಲಕ ಅಂದ್ಳು.

"ಅಕ್ಕಾ, ನೀವ ಸತ್ರ ಊರ ಮಂದಿ ಏನಂತಾರ?"

ನಾ ಆಕಿ ಕಡೆ ತಿರುಗಿ ನೋಡಿದೆ.

"ಶೆಟ್ಟೆವ್ವ ಬೀದಿ ನಾಯಿ ತಂದ ಸಾಕಿದ್ಳು, ಅದು ಆಕಿನ್ನ ಕೊಂದ ಹಾಕಿತು ಅಂತಾರ. ಗುಬ್ಬಿಗೆ ಆ ಹೆಸರು ಉಳೀತೈತಿ. ಇನ್ನ ಮ್ಯಾಲ ರಸ್ತಾದಾಗ ಯಾವ ಮರಿ ಬಿದ್ದ ಒದ್ದಾಡಿದ್ರೂ ಈ ಊರಾಗ ಯಾರೂ ಎತ್ತೂದಿಲ್ಲ. ರೋಗ ಬಂದಿದ್ರ ಅದು ಗುಬ್ಬಿ ತಪ್ಪಲ್ಲ. ಆದ್ರ ನೀವ ಹಟಾ ಮಾಡಿ ಸತ್ರ ಆ ಪಾಪ ಆಕಿ ತಲಿ ಮ್ಯಾಲ ಬರತೈತಿ. ಹೊರಸ್ತೀರೇನು?"

ನಾ ಆಕಿ ಹೆಸರ ಕಾಯಾಕತ್ತೇನಿ ಅಂತ ತಿಳಕೊಂಡಿದ್ದೆ. ನಾನೇ ಕೆಡಸಾಕ ಕುಂತಿದ್ದೆ.

ಬಾಗಲದಾಗ ನಿಂತಿದ್ದ ಯಜಮಾನ್ರು ತಮ್ಮ ಕೈ ನೋಡಿಕೊಂಡ್ರು. ಕಬ್ಬ ಕಡದ ಅಂಗೈ, ತುಂಬ ಸೀಳು. "ನಜೀರಾ, ದವಡಿ ಹಿಡದಾವ ನಾನು, ಜೊಲ್ಲ ನನ್ನ ಕೈಗೂ ಹತ್ತಿತ್ತು" ಅಂದ್ರು.

"ಹಂಗಾದ್ರ ಕಾಕಾ, ಇಬ್ಬರೂ ನಡೀರಿ" ಅಂತ ನಜೀರಾ ನಮ್ಮಿಬ್ಬರನ್ನೂ ನಳದ ಕಡೆ ಎಳದಳು. ಸಾಬಾಣ ಹಚ್ಚಿ, ಹರಿಯೂ ನೀರಾಗ ಹದಿನೈದ ಮಿನಿಟ ಕೈ ತೊಳಿಸಿದ್ಳು. "ಗೀರಿದ ಕೂಡಲೇ ಹಿಂಗ ತೊಳೀಬೇಕಿತ್ತು. ಸುಣ್ಣ, ಅರಿಷಿಣ, ಖಾರಪುಡಿ ಏನೂ ಹಚ್ಚಬಾರದು" ಅಂದ್ಳು.

ಗೋಕಾಕ ದವಾಖಾನ್ಯಾಗ ಡಾಕ್ಟರು ಬೈತಾರ ಅಂದಕೊಂಡಿದ್ದೆ, ಬೈಲಿಲ್ಲ. "ತಡಾ ಆಗೈತಿ ಅಂತ ಮನ್ಯಾಗ ಕುಂಡ್ರಲಿಲ್ಲ, ಭಾಳ ಚಲೋ ಮಾಡಿದ್ರಿ. ರೋಗ ಎದ್ದ ಮ್ಯಾಲ ನಮ್ಮ ಕೈಯಾಗ ಏನೂ ಇಲ್ಲ. ಏಳೂದಕ್ಕಿಂತ ಮೊದಲ ಸೂಜಿ ಐತಿ" ಅಂದ್ರು. ಗೀರಿದ ಜಾಗಾದಾಗ ಒಂದ ಔಷಧ ಬ್ಯಾರೆ ಚುಚ್ಚಿದ್ರು, ರಟ್ಟಿಗೆ ಲಸಿಕಿ ಹಾಕಿದ್ರು, ಮುಂದಿನ ಸೂಜಿ ತಾರೀಖ ಚೀಟಿ ಮ್ಯಾಲ ಬರದ ಕೊಟ್ರು. ಅಲ್ಲಿಂದ ಕಡೀ ಸೂಜಿ ತನಕ ನಮ್ಮಿಬ್ಬರಿಗೂ ಸರಿಯಾಗಿ ನಿದ್ದಿ ಇರಲಿಲ್ಲ. ಮುಂಜಾನಿ ಎದ್ದ ಕೂಡಲೇ ಒಬ್ಬರಿಗೊಬ್ಬರು ನೀರ ಕೊಟ್ಟು, ಗುಟುಕ ಇಳೀತೈತೋ ಇಲ್ಲೋ ಅಂತ ನೋಡತಿದ್ವಿ. ನಗಬ್ಯಾಡ್ರಿ, ಅಂಜಿಕಿ ಹಂಗ ಇರತೈತಿ.

ಒಂದ ವರ್ಷ ಆತು. ಇಬ್ಬರೂ ಗಟ್ಟಿ ಅದೇವಿ.

ಗುಬ್ಬಿಗೆ ಖರೇನ ಆ ರೋಗ ಇತ್ತೋ ಇಲ್ಲೋ, ಯಾರಿಗೂ ಗೊತ್ತಿಲ್ಲ. ಪರೀಕ್ಷೆ ಮಾಡಸಲಿಲ್ಲ, ಮಣ್ಣಾಗ ಹೋದ್ಳು. ಮೂರ ವರ್ಷ ಆಕಿ ಕುಂಯ್ ಅಂದಿದ್ದಕ್ಕ ಮರಗಿದೆ, ಆಕಿ ಜೀವಕ್ಕ ಮರಗಲಿಲ್ಲ. ಆದ್ರ ಒಂದ ಸಮಾಧಾನ ಐತಿ. ಊರಾಗ ಯಾರ ಬಾಯಾಗೂ ಗುಬ್ಬಿ ಕೊಲಿಗಾರ್ತಿ ಅಲ್ಲ. ಕುಂಟಕಾಲ ಕಳ್ಳಿ ಅಂತಾರ, ಶೆಟ್ಟೆವ್ವನ ಮಗಳು ಅಂತಾರ.

ಅಕ್ಕಾಗೋಳ್ರ, ತಂಗ್ಯಾಗೋಳ್ರ, ಅಣ್ಣಾಗೋಳ್ರ, ನಿಮ್ಮ ಮನಿ ನಾಯಿ ದವಡಿ ಜೋತ ಬಿದ್ರ, ಜೊಲ್ಲ ಸುರಿಸಿದ್ರ, ಬಾಯಾಗ ಕೈ ಹಾಕಬ್ಯಾಡ್ರಿ. ದೂರ ನಿಂತು ಪಶು ಡಾಕ್ಟರಿಗೆ ಹೇಳಿ ಕಳಸ್ರಿ. ಕಚ್ಚಿರಲಿ, ಗೀರಿರಲಿ, ಗಾಯದ ಮ್ಯಾಲ ನೆಕ್ಕಿರಲಿ, ಸಾಬಾಣ ಹಚ್ಚಿ ಹದಿನೈದ ಮಿನಿಟ ತೊಳೀರಿ, ಅವತ್ತೇ ದವಾಖಾನಿಗೆ ಹೋಗ್ರಿ, ಒಂದ ಸೂಜಿನೂ ತಪ್ಪಸಬ್ಯಾಡ್ರಿ. ರಸ್ತಾದಾಗ ಬಿದ್ದ ಮರಿನ್ನ ಎತ್ತಿ ತರ್ರಿ, ಅದು ಪುಣ್ಯದ ಕೆಲಸ. ತಂದ ಮ್ಯಾಲ ಪ್ರತಿ ವರ್ಷ ಸೂಜಿ ಹಾಕಸ್ರಿ.

ಗುಬ್ಬಿಗೆ ನಾ ಏಳ ವರ್ಷ ರೊಟ್ಟಿ ಹಾಕಿದೆ, ಮೂರ ವರ್ಷ ಸೂಜಿ ತಪ್ಪಿಸಿದೆ. ನಿಮ್ಮ ಮನಿ ನಾಯಿ ಇನ್ನೂ ಬಾಗಲದಾಗ ಬಾಲ ಅಲ್ಲಾಡಸಾಕತ್ತೈತಿ. ಏಳ್ರಿ, ಇವತ್ತೇ ಸೂಜಿಗೆ ಕರಕೊಂಡ ಹೋಗ್ರಿ.